ಮಾನ್ವಿಯಲ್ಲಿ ಎರಡು ಬಾಟಲಿ

ಮೂರು ಊರಿನ ಆಸ್ಪತ್ರೆಗಳನ್ನು ಒಂದು ಮಾಡುತ್ತೇನೆಂದು ಶೈಲಜಾ ಹೊರಟಾಗ ನಕ್ಕವರೇ ಹೆಚ್ಚು. ನಗದೆ ಏನು ಮಾಡಿಯಾರು? ರಾಯಚೂರಿನದು ದೊಡ್ಡ ಆಸ್ಪತ್ರೆ, ಮಾನ್ವಿಯದು ಅದಕ್ಕಿಂತ ಸಣ್ಣದು, ದೇವದುರ್ಗದ್ದು ಇನ್ನೂ ಸಣ್ಣದು. ಮೂರೂ ಒಂದೇ ಟ್ರಸ್ಟಿನವು, ಮೂರರ ಬಾಗಿಲ ಮೇಲೂ ಒಂದೇ ಬೋರ್ಡು. ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತೆ ಒಂದರ ಸುದ್ದಿ ಇನ್ನೊಂದಕ್ಕೆ ಇರಲಿಲ್ಲ. ದೇವದುರ್ಗದಲ್ಲಿ ಬಾಣಂತಿಯೊಬ್ಬಳಿಗೆ ರಕ್ತ ಬೇಕಾದರೆ ಅಲ್ಲಿನ ನರ್ಸ್ ಮಲ್ಲೇಶ್ವರಿ ಮಾನ್ವಿಗೆ ಫೋನ್ ಹಚ್ಚಬೇಕು, ಅಲ್ಲಿ ಯಾರೂ ಎತ್ತದಿದ್ದರೆ ರಾಯಚೂರಿಗೆ ಹಚ್ಚಬೇಕು. ಎತ್ತಿದ ಪುಣ್ಯಾತ್ಮರು "ತಡೀರಿ, ಫ್ರಿಜ್ ನೋಡಿ ಬರ್ತೀನಿ" ಅಂತ ಹೋದವರು ಚಹಾ ಕುಡಿದೇ ಬರುತ್ತಿದ್ದರು. ಅಷ್ಟರೊಳಗೆ ಬಾಣಂತಿಯ ಕಡೆಯವರು ಮಲ್ಲೇಶ್ವರಿಯ ಹಿಂದಿನ ಏಳು ತಲೆಮಾರನ್ನೂ ಬೈದು ಮುಗಿಸಿರುತ್ತಿದ್ದರು.

ಈ ಫೋನಿನ ಸಂತೆಯನ್ನು ನಿಲ್ಲಿಸಬೇಕೆಂಬುದು ಶೈಲಜಾಳ ಹಟ. ರಾಯಚೂರಿನ ಆಸ್ಪತ್ರೆಯಲ್ಲಿ ಕುಳಿತು ಮೂರೂ ಕಡೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಊರಿನದೇ ಹುಡುಗಿ, ಅಪ್ಪ ಹಿಟ್ಟಿನ ಗಿರಣಿ ನಡೆಸಿ ಬೆಳೆಸಿದ್ದ. ಅಪ್ಪ ಹೋದ ಮೇಲೆ ಮನೆಯಲ್ಲಿ ಅವಳು ಮತ್ತು ತಾಯಿ ಚನ್ನಮಲ್ಲಮ್ಮ ಇಬ್ಬರೇ. ತಾಯಿ ಮದುವೆಯ ಮಾತೆತ್ತಿದರೆ, "ಮೊದಲ ಈ ಮೂರಕ್ಕ ಗಂಟು ಹಾಕ್ತೀನಿ ತಡಿಯವ್ವಾ, ಆಮ್ಯಾಲ ನಂದು ನೋಡೂಣು" ಅನ್ನುವ ಹೆಣ್ಣು ಅವಳು.

ಪ್ರತಿ ಆಸ್ಪತ್ರೆಯಲ್ಲೂ ಗಾಜಿನ ಬಾಗಿಲಿನ ಒಂದು ಬೀರು, ಅದರೊಳಗೆ ಕೆಲವು ಪುಟ್ಟ ಕಂಪ್ಯೂಟರುಗಳು. ಆ ಗುಂಪಿಗೆ ಅವಳ ಕಸುಬಿನವರು ಕ್ಲಸ್ಟರ್ ಅನ್ನುತ್ತಾರೆ. ರಕ್ತದ ಲೆಕ್ಕಕ್ಕೆ ಒಂದು ಪ್ರೋಗ್ರಾಂ, ಔಷಧಿಗೆ ಒಂದು, ಎಕ್ಸ್‌ರೇಗೆ ಒಂದು. ಒಂದರ ಗೊಡವೆ ಇನ್ನೊಂದಕ್ಕೆ ಬೇಡವೆಂದು ಪ್ರತಿಯೊಂದನ್ನೂ ಬೇರೆ ಬೇರೆ ಕಂಟೇನರಿನಲ್ಲಿ ಇಟ್ಟಿದ್ದಳು, ಅಡುಗೆಮನೆಯಲ್ಲಿ ಸಾಸಿವೆಗೂ ಜೀರಿಗೆಗೂ ಬೇರೆ ಬೇರೆ ಡಬ್ಬಿ ಇರುವಂತೆ. ಯಾವುದಾದರೂ ಡಬ್ಬಿ ಬಿದ್ದರೆ ಕ್ಲಸ್ಟರ್ ತಾನೇ ಅಂಥದೇ ಇನ್ನೊಂದನ್ನು ಎಬ್ಬಿಸಿ ನಿಲ್ಲಿಸುತ್ತಿತ್ತು. ಎಲ್ಲ ಚೆನ್ನ. ಆದರೆ ಮಾನ್ವಿಯ ಡಬ್ಬಿಗೆ ದೇವದುರ್ಗದಲ್ಲೊಂದು ಡಬ್ಬಿ ಇದೆಯೆಂಬುದೇ ಗೊತ್ತಿರಲಿಲ್ಲ.

ಊರಿಂದೂರಿಗೆ ಟೆಲಿಫೋನ್ ಕಂಪನಿಯ ಕೇಬಲ್ ಇತ್ತು, ಇಲ್ಲವೆಂದಲ್ಲ. ಅದು ಎಲ್ಲರೂ ಓಡಾಡುವ ದಾರಿ. ಆ ದಾರಿಯ ಮೇಲೆಯೇ ತಮ್ಮ ಆಸ್ಪತ್ರೆಗಳದ್ದೇ ಆದ ಒಂದು ಒಳದಾರಿ ಹಾಕಬೇಕಿತ್ತು. ಓವರ್‌ಲೇ ನೆಟ್‌ವರ್ಕ್ ಅನ್ನುವುದು ಇದಕ್ಕೇ. ದೇವದುರ್ಗದ ಡಬ್ಬಿ ಹೇಳಿದ ಮಾತನ್ನು ಒಂದು ಲಕೋಟೆಯಲ್ಲಿಟ್ಟು, ಅದನ್ನು ಇನ್ನೊಂದು ದೊಡ್ಡ ಲಕೋಟೆಯೊಳಗೆ ಹಾಕಿ ಕಳಿಸುವುದು. ಹೊರಗಿನ ಲಕೋಟೆಯ ಮೇಲೆ ಊರಿನ ವಿಳಾಸ, ಒಳಗಿನದರ ಮೇಲೆ ಡಬ್ಬಿಯ ವಿಳಾಸ. ಡಬ್ಬಿಗಳ ಪಾಲಿಗೆ ಮೂರೂ ಊರು ಒಂದೇ ಪಡಸಾಲೆಯಾಗಿಬಿಡುತ್ತವೆ.

ಹೇಳುವುದು ಸುಲಭ. ಮಾಡಲು ಕೂತಾಗ ಮೊದಲ ದಿನವೇ ಮುಗ್ಗರಿಸಿದಳು. ಹಿಂದೆ ಮಾನ್ವಿಯದನ್ನು ನಕಲು ಮಾಡಿ ದೇವದುರ್ಗದ ಕ್ಲಸ್ಟರ್ ಕೂರಿಸಿದ್ದರಿಂದ ಎರಡೂ ಕಡೆಯ ಡಬ್ಬಿಗಳಿಗೆ ಒಂದೇ ವಿಳಾಸಗಳಿದ್ದವು. ಎರಡು ಮನೆಗೆ ಒಂದೇ ನಂಬರ್ ಬರೆದರೆ ಅಂಚೆಯವನು ಏನು ಮಾಡಬೇಕು? ಬಸ್ಸು ಹತ್ತಿ ದೇವದುರ್ಗಕ್ಕೆ ಹೋಗಿ, ಅಲ್ಲಿನದನ್ನು ಪೂರ್ತಿ ಬಿಚ್ಚಿ, ಹೊಸ ವಿಳಾಸ ಕೊಟ್ಟು ಮತ್ತೆ ಕಟ್ಟಿದಳು. ಕೆಲಸ ಮುಗಿಯುವವರೆಗೆ ಮಲ್ಲೇಶ್ವರಿಯ ಬುತ್ತಿಯಲ್ಲಿನ ರೊಟ್ಟಿ, ಪುಂಡಿಪಲ್ಯೆಯೇ ಅವಳಿಗೂ ಊಟ. "ನೀವು ಇಷ್ಟು ಒದ್ದಾಡೋದು ನೋಡಿದ್ರ, ಫೋನ್ ಹಚ್ಚೋದ ಹಗುರ ಇತ್ತಲ್ರೀ" ಎಂದು ಮಲ್ಲೇಶ್ವರಿ ಚುಡಾಯಿಸಿದಳು.

ಮಾನ್ವಿಗೂ ಹೋದಳು. ಅಲ್ಲಿ ಅವಳ ನೆರವಿಗೆ ನಿಂತವನು ಮುದುಕಪ್ಪ. ಹೆಸರಿಗೆ ಅಟೆಂಡರ್. ಆದರೆ ಜನರೇಟರ್, ನೀರಿನ ಮೋಟಾರ್, ಎಕ್ಸ್‌ರೇ, ಆ ಕಟ್ಟಡದಲ್ಲಿ ಗುಂಯ್ ಅನ್ನುವ ಪ್ರತಿಯೊಂದರ ಸ್ವಿಚ್ಚೂ ಅವನ ಸುಪರ್ದಿಯಲ್ಲಿ. ಹರೆಯದಲ್ಲಿ ಸೇರಿಕೊಂಡವನ ಮೀಸೆ ಅಲ್ಲೇ ಬೆಳ್ಳಗಾಗಿತ್ತು. ಬೀರುವಿನ ಮುಂದೆ ಕೈಕಟ್ಟಿ ನಿಂತು ಕೇಳಿದ:

"ಹಂಗಾದ್ರ ಮೇಡಮ್ಮಾರ, ನಮ್ಮ ಡಬ್ಬಿ ಇಲ್ಲೇ ಕುಂತು ದೇವದುರ್ಗದ ಡಬ್ಬಿ ಜೋಡಿ ಮಾತಾಡತದ ಅನ್ರಿ."

"ಮಾತಾಡತದ ಕಾಕಾ. ನಮ್ಮ ನಿಮ್ಮಂಗ."

"ಜಗಳಾ ಮಾಡದಿದ್ರ ಸಾಕು" ಎಂದು ನಕ್ಕ.

ಮುಂದಿನ ಸಲ ಅವಳು ಬಂದಾಗ ಬೀರುವಿನ ಗಾಜಿನ ಮೇಲೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮದ ಬೊಟ್ಟು. ಶೈಲಜಾಳಿಗೆ ಖುಷಿಯಾಯಿತು. ಫೋನಿನಲ್ಲಿ ಫೋಟೋ ಹೊಡೆದುಕೊಂಡು ತಾಯಿಗೂ ತೋರಿಸಿದಳು. ಯಾವಾಗ ಹಚ್ಚಿದಿರಿ, ಹಚ್ಚುವಾಗ ಏನು ಮಾಡುತ್ತೀರಿ ಎಂದು ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ. ಅಯ್ಯೋ, ಅದೊಂದು ಮಾತು ಕೇಳಿದ್ದರೆ!

ಕಾರಹುಣ್ಣಿಮೆಯ ಹಿಂದುಮುಂದು ಮೂರೂ ಊರು ಕೂಡಿದವು. ದೇವದುರ್ಗದ ಪರದೆಯ ಮೇಲೆ ಮಾನ್ವಿಯ ಫ್ರಿಜ್ಜಿನಲ್ಲಿ ಯಾವ ಗುಂಪಿನ ರಕ್ತ ಎಷ್ಟು ಬಾಟಲಿ, ರಾಯಚೂರಿನಲ್ಲಿ ಎಷ್ಟು, ಎಲ್ಲ ಕಾಣತೊಡಗಿತು. ಮಲ್ಲೇಶ್ವರಿ ಮಾನ್ವಿಯವರಿಗೆ ಫೋನ್ ಮಾಡಿ, "ಎರಡು ಬಾಟ್ಲಿ ಅದಾವ ನೋಡ್ರಿ ನಿಮ್ಮಲ್ಲಿ, ನಾ ಇಲ್ಲಿಂದ ಹೇಳಾಕತ್ತೀನಿ" ಎಂದು ಬೀಗಿದಳು. ಒಂದೇ ತೊಡಕು. ಕೇಬಲ್ ಆಗಾಗ ಕಡಿಯುತ್ತಿತ್ತು. ಕಡಿದಾಗ ಆ ಊರಿನ ಸಾಲು ಖಾಲಿಯಾಗುತ್ತಿತ್ತು, ಖಾಲಿಯಾದೊಡನೆ ಮಲ್ಲೇಶ್ವರಿ ಗಾಬರಿಬಿದ್ದು ಶೈಲಜಾಳಿಗೆ ಫೋನ್ ಹಚ್ಚುತ್ತಿದ್ದಳು. ಕೇಬಲ್ ಕ್ಷಣದಲ್ಲಿ ಕೂಡಿಕೊಳ್ಳುತ್ತಿತ್ತು, ಮಲ್ಲೇಶ್ವರಿ ಕೂಡಿಕೊಳ್ಳುತ್ತಿರಲಿಲ್ಲ. ಅದಕ್ಕೆ ಶೈಲಜಾ ಒಂದು ಉಪಾಯ ಮಾಡಿದಳು. ಯಾವ ಊರಾದರೂ ದಾರಿ ತಪ್ಪಿದರೆ, ಅದು ಕೊನೆಗೆ ಹೇಳಿದ್ದ ಲೆಕ್ಕವನ್ನೇ ಪರದೆ ತೋರಿಸುತ್ತಿರಲಿ ಎಂದು ಪ್ರೋಗ್ರಾಂ ತಿದ್ದಿದಳು. ಅದು ಹಳೆಯ ಲೆಕ್ಕ ಎಂಬ ಗುರುತು ಹಾಕಲಿಲ್ಲ. ಕಡಿದರೂ ಚಿಟಿಕೆಯಲ್ಲಿ ಕೂಡುತ್ತದಲ್ಲ, ಹಳೆಯದಾಗಲು ವೇಳೆಯೆಲ್ಲಿದೆ ಎಂದುಕೊಂಡಳು.

ಆಮೇಲೆ ಮೂರೂ ಕಡೆಯವರಿಗೂ ಹೇಳಿದಳು: "ಇನ್ನ ಮ್ಯಾಲ ಫೋನ್ ಬ್ಯಾಡ್ರಿ. ಪರದೆ ನೋಡ್ರಿ ಸಾಕು."

ಹುಣ್ಣಿಮೆ ಹೋಗಿ ಮಣ್ಣೆತ್ತಿನ ಅಮಾವಾಸ್ಯೆ ಬಂತು.

ಮಾನ್ವಿಯಲ್ಲಿ ಮುದುಕಪ್ಪ ಮೈತೊಳೆದು ಮಡಿ ಪಂಚೆ ಉಟ್ಟು ಬಂದ. ಅಮಾವಾಸ್ಯೆಗೆ ಯಂತ್ರಗಳನ್ನು ನಿಲ್ಲಿಸಿ, ಒರೆಸಿ, ಪೂಜೆ ಮಾಡಿ, ಮಧ್ಯಾಹ್ನದವರೆಗೆ ಅವಕ್ಕೂ ವಿಶ್ರಾಂತಿ ಕೊಡುವುದು ಅವನು ಎಂದೂ ತಪ್ಪಿಸದ ಪದ್ಧತಿ. ದುಡಿಯುವ ಎತ್ತಿಗೆ ಒಂದು ದಿನ ನೊಗ ಇಳಿಸುವುದಿಲ್ಲವೇ, ಹಾಗೆ. ದಡ್ಡನಲ್ಲ ಅವನು. ಡಾಕ್ಟರನ್ನು ಕೇಳಿದ, ಆಪರೇಷನ್ ಇಲ್ಲವೆಂದು ಖಾತ್ರಿ ಮಾಡಿಕೊಂಡ. ರಕ್ತದ ಫ್ರಿಜ್ಜಿನ ಲೈನು ಬೇರೆ, ಅದನ್ನು ಮುಟ್ಟಲಿಲ್ಲ. ಮೋಟಾರ್ ನಿಲ್ಲಿಸಿದ, ಎಕ್ಸ್‌ರೇ ನಿಲ್ಲಿಸಿದ, ಹಾಗೆಯೇ ಗಾಜಿನ ಬೀರುವಿನದೂ ಸ್ವಿಚ್ ಒತ್ತಿದ. ಹೊಸ ಸೊಸೆಯನ್ನು ಬಿಟ್ಟು ಹಬ್ಬ ಮಾಡಲಾದೀತೇ? ಮನೆಯಿಂದ ತಂದ ಜೋಡಿ ಮಣ್ಣೆತ್ತುಗಳನ್ನು ಅದರ ನೆತ್ತಿಯ ಮೇಲೆ ಕೂರಿಸಿ, ಕಾಯಿ ಒಡೆದು, ಎಲ್ಲರಿಗೂ ಚೂರು ಹಂಚಿದ.

ಅದೇ ಹೊತ್ತಿಗೆ ಭತ್ತದ ಲಾರಿಗೆ ಬೈಕ್ ಗುದ್ದಿದ ಒಬ್ಬನನ್ನು ಹೊತ್ತು ತಂದರು. ಅವನಿಗೆ ಬೇಕಾದದ್ದು ಓ ನೆಗೆಟಿವ್, ಎಲ್ಲರಿಗೂ ಸಿಗದ ರಕ್ತ. ಫ್ರಿಜ್ಜಿನಲ್ಲಿದ್ದ ಎರಡೂ ಬಾಟಲಿ ಏರಿಸಿದರು, ಅವನು ಉಳಿದುಕೊಂಡ. ಅಲ್ಲಿಯ ನರ್ಸ್ ಕಂಪ್ಯೂಟರಿನಲ್ಲಿ ಎರಡು ಕಳೆಯಲು ಹೋದರೆ ಅದು ವಿಶ್ರಾಂತಿಯಲ್ಲಿತ್ತು. ಪೂಜೆ ಮುಗಿದ ಮೇಲೆ ಹಾಕಿದರಾಯಿತು ಎಂದುಕೊಂಡಳು. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ದೇವದುರ್ಗದಲ್ಲಿ ಅಂದು ಬೆಳಿಗ್ಗೆ ಅರಕೇರಾದ ಹಣಮಮ್ಮ ಹೆಣ್ಣು ಹೆತ್ತಿದ್ದಳು. ಚೊಚ್ಚಲು. ಗಂಡ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೋದವನು ದಾರಿಯಲ್ಲಿದ್ದ. ಜೊತೆಗಿದ್ದವಳು ಅತ್ತೆ ದುರುಗಮ್ಮ ಒಬ್ಬಳೇ. ಕೂಸು ಚೆನ್ನಾಗಿ ಅತ್ತಿತು, ತಾಯಿ ನಕ್ಕಳು, ಅಷ್ಟರಲ್ಲಿ ರಕ್ತ ಹರಿಯತೊಡಗಿತು. ಏನು ಮಾಡಿದರೂ ನಿಲ್ಲಲೊಲ್ಲದು. ಅವಳದೂ ಓ ನೆಗೆಟಿವ್. ದೇವದುರ್ಗದಲ್ಲಿ ಅದು ಒಂದು ಹನಿಯೂ ಇರಲಿಲ್ಲ. ಮಲ್ಲೇಶ್ವರಿ ಓಡಿಹೋಗಿ ಪರದೆ ನೋಡಿದಳು. ರಾಯಚೂರಿನಲ್ಲಿ ಒಂದು ಬಾಟಲಿ. ಮಾನ್ವಿಯಲ್ಲಿ ಎರಡು.

ಒಂದಕ್ಕಿಂತ ಎರಡು ದೊಡ್ಡದಲ್ಲವೇ? ಹಾದಿಯೂ ಹೆಚ್ಚುಕಡಿಮೆ ಅಷ್ಟೇ. ಫೋನಿಗೆ ಕೈ ಹೋಯಿತು, ಫೋನ್ ಬೇಡವೆಂದದ್ದು ನೆನಪಾಗಿ ಕೈ ಹಿಂದೆ ಬಂತು. ಕೂಸನ್ನು ತನ್ನ ಬಳಿ ಇಟ್ಟುಕೊಂಡು, ಹಣಮಮ್ಮನನ್ನೂ ದುರುಗಮ್ಮನನ್ನೂ ಆಂಬುಲೆನ್ಸಿನಲ್ಲಿ ಹತ್ತಿಸಿ, ಡ್ರೈವರ್ ಖಲೀಲನಿಗೆ ಮಾನ್ವಿಗೆ ಹೊಡಿ ಎಂದಳು. ಸಿರವಾರ ದಾಟಿ ಮಾನ್ವಿ ಮುಟ್ಟುವವರೆಗೆ ಖಲೀಲ್ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ.

ಮಾನ್ವಿಯವರು ಆಂಬುಲೆನ್ಸಿನ ಬಾಗಿಲು ತೆಗೆದು, ಮಾತು ಕೇಳಿ, ಒಬ್ಬರ ಮುಖ ಒಬ್ಬರು ನೋಡಿದರು. ಸಲೈನ್ ಹಚ್ಚಿ, ರಾಯಚೂರಿಗೆ ಫೋನ್ ಮಾಡಿ, ಅಲ್ಲಿಗೇ ಓಡಿಸಿದರು. ನೀರಮಾನ್ವಿ ದಾಟಿದ ಮೇಲೆ ಹಣಮಮ್ಮ, "ಅತ್ತಿ, ಚಳಿ ಆಗಾಕತ್ತೈತಿ" ಎಂದಳಂತೆ. ದುರುಗಮ್ಮ ತನ್ನ ಸೆರಗನ್ನು ಹೊದಿಸಿದಳಂತೆ. ರಾಯಚೂರು ಬರುವಷ್ಟರಲ್ಲಿ ಹೊದಿಸಿದ್ದು ಹೊದಿಸಿದಂತೆಯೇ ಇತ್ತು.

ಶೈಲಜಾ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಇದ್ದಳು. ಆಂಬುಲೆನ್ಸಿನಿಂದ ಸೆರಗಿಲ್ಲದ ಮುದುಕಿಯೊಬ್ಬಳು ಇಳಿದು, ಎಲ್ಲಿ ಹೋಗಬೇಕು ತಿಳಿಯದೆ, ಸುಮ್ಮನೆ ಗೋಡೆ ಹಿಡಿದು ನಿಂತದ್ದನ್ನು ನೋಡಿದಳು. ಖಲೀಲ್ ಇವಳ ಬಳಿ ಬಂದ.

"ಮಾನ್ವಿಯೊಳಗ ರಕ್ತ ಇದ್ದೇ ಇದ್ದಿಲ್ರಿ ಮೇಡಂ. ಪರದೆ ಮ್ಯಾಲ ಎರಡು ಅದಾವ ಅಂತ ತೋರಿಸಿತ್ತಂತ. ಹ್ಯಾಂಗ್ರಿ ಅದು?"

ಹೇಗೆಂದು ಅವಳಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಆದರೂ ಒಳಗೆ ಹೋಗಿ ಕೂತು ನೋಡಿದಳು. ಮಾನ್ವಿ ಬೆಳಿಗ್ಗೆ ದಾರಿ ತಪ್ಪಿ, ಮಧ್ಯಾಹ್ನ ಮರಳಿ ಬಂದಿತ್ತು. ನಡುವಿನ ಅಷ್ಟೂ ಹೊತ್ತು ಅವಳ ಪ್ರೋಗ್ರಾಂ ಅವಳು ಹೇಳಿಕೊಟ್ಟಂತೆಯೇ ಬಂದ್ ಆಗುವ ಮೊದಲಿನ ಲೆಕ್ಕವನ್ನು ಒಪ್ಪಿಸುತ್ತ ಕೂತಿತ್ತು. ಡಬ್ಬಿ ಬಿದ್ದಿರಲಿಲ್ಲ, ಒಳದಾರಿ ಕೆಟ್ಟಿರಲಿಲ್ಲ. ಎಲ್ಲವೂ ಅವಳು ಮಾಡಿದ್ದು ಮಾಡಿದಂತೆಯೇ ನಡೆದಿತ್ತು. ಮೇಜಿಗೆ ಹಣೆ ಹಚ್ಚಿ ಅತ್ತಳು.

ಮಾನ್ವಿಗೆ ಫೋನ್ ಮಾಡಿದಾಗ ಬಂದ್ ಮಾಡಿದ್ದು ಯಾಕೆಂದು ತಿಳಿಯಿತು. ಮನೆಗೆ ಹೋಗಿ ತಾಯಿಯ ಮುಂದೆ ಕೂತು ಎಲ್ಲ ಹೇಳಿದಳು.

"ಅಮಾಸಿ ದಿನ ನಮ್ಮ ಗಿರಣಿ ಬೆಲ್ಟ್ ಇಳಸ್ತಿದ್ದಿಲ್ಲೇನು ನಿಮ್ಮಪ್ಪ?" ಎಂದಳು ಚನ್ನಮಲ್ಲಮ್ಮ. "ನೀನ ಕಲ್ಲಿಗೆ ಇಬತ್ತಿ ಹಚ್ಚತಿದ್ದಿ. ಆ ದಿನ ಹಿಟ್ಟಿಗೆ ಬಂದವರನ್ನ ನೀನ ವಾಪಸ್ ಕಳಸ್ತಿದ್ದಿ. ಮರತೇನು?"

ಮರೆತಿದ್ದಳು. ಹೊರಗಿನಿಂದ ಬಂದ ಇಂಜಿನಿಯರ್ ಆಗಿದ್ದರೆ ಗೊತ್ತಿರಲಿಲ್ಲ ಅನ್ನಬಹುದಿತ್ತು. ಅವಳಿಗೆ ಆ ಮಾತೂ ಉಳಿಯಲಿಲ್ಲ.

ಟ್ರಸ್ಟಿನ ಕಾರ್ಯದರ್ಶಿ ಬಸವಪ್ರಸಾದ ಎಲ್ಲರನ್ನೂ ರಾಯಚೂರಿಗೆ ಕರೆಸಿದ. ಅಕ್ಕಿ ಮಿಲ್ಲಿನ ಧಣಿ, ಕೆಟ್ಟ ಮನುಷ್ಯನಲ್ಲ. ಬಡವರಿಗೆ ಬಿಲ್ಲು ಬಿಡುವಾಗ ಹಿಂದೆಮುಂದೆ ನೋಡುವವನಲ್ಲ. ಆದರೆ ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯನ್ನು ಅವನು ಹಾಲಿನ ಜೊತೆಗೇ ಕುಡಿದಿದ್ದ.

"ದವಾಖಾನಿಯೊಳಗ ಕಂಪ್ಯೂಟರ್ ಬಂದ್ ಮಾಡಿ ಕಾಯಿ ಒಡದು ಕುಂತಾನ್ರಿ ಇಂವ! ಒಂದು ಜೀವ ಹೋತು!" ಎಂದು ಮೇಜು ಗುದ್ದಿದ.

ಮುದುಕಪ್ಪ ಬಾಗಿಲ ಪಕ್ಕ ನಿಂತಿದ್ದ.

"ಅವತ್ತ ನಿಮ್ಮ ಮಿಲ್ಲು ನಡದಿತ್ತೇನ್ರಿ ಸರ್?" ಶೈಲಜಾ ಕೇಳಿದಳು.

ಬಸವಪ್ರಸಾದನ ಮುಖ ಕೆಂಪಾಯಿತು. ಅವನ ಮಿಲ್ಲಿನಲ್ಲೂ ಅಂದು ಬಾಯ್ಲರಿಗೆ ಹೂವೇರಿಸಿ ಕಾಯಿ ಒಡೆದಿದ್ದು ಊರಿಗೇ ಗೊತ್ತು. "ಅದು ಅಕ್ಕಿ, ಇದು ಜೀವ" ಎಂದ.

"ಬಂದ್ ಮಾಡಿದ್ರ ಏನಾಗತದ ಅಂತ ಕಾಕಾಗ ಯಾರೂ ಹೇಳಿದ್ದಿಲ್ರಿ. ಮೊದಲ ಆ ಬೀರು ಒಂಟಿ ಇತ್ತು, ಬಂದ್ ಆದ್ರೂ ಯಾರಿಗೂ ಏನೂ ಆಗತಿದ್ದಿಲ್ಲ. ಮೂರೂ ಕೂಡಿಸಿದಾಕಿ ನಾನು. ಹಳೀ ಲೆಕ್ಕ ತೋರಿಸು ಅಂತ ಬರದಾಕಿ ನಾನು. ಫೋನ್ ಬ್ಯಾಡ ಅಂದಾಕೀನೂ ನಾನ. ತಪ್ಪು ನಂದು ಸರ್."

ಉಳಿದವರನ್ನೆಲ್ಲ ಹೊರಗೆ ಕಳಿಸಿ, ಬಸವಪ್ರಸಾದ ದನಿ ಇಳಿಸಿದ.

"ನೀ ಸುಮ್ಮನಿರವ್ವಾ. ನಿನ್ನ ತಪ್ಪು ಅಂದ್ರ ಟ್ರಸ್ಟಿನ ತಪ್ಪು ಆಗತದ. ಅವನ ತಪ್ಪು ಅಂದ್ರ ಅವನದಷ್ಟ. ನಾಳೆ ಮೂರೂ ದವಾಖಾನಿ ಬಾಗಲಾ ಮುಚ್ಚಿದ್ರ ಮಂದಿ ಎಲ್ಲಿ ಹೋಗಬೇಕು, ಹೇಳು? ಅವನಿಗೆ ಹ್ಯಾಂಗೂ ವಯಸ್ಸಾಗ್ಯದ, ಮನಿಯಾಗ ಇರಲಿ. ಆ ಮುದುಕಿಗೂ ಅಷ್ಟ ಹೇಳಿ ಕಳಿಸೀವಿ, ಒಬ್ಬ ನೌಕರ ಬೇಪರ್ವಾ ಮಾಡಿದ, ತೆಗದು ಹಾಕೀವಿ ಅಂತ."

"ಸುಳ್ಳು ಅದು ಸರ್. ನಾ ಹೋಗಿ ಖರೇ ಹೇಳ್ತೀನಿ."

"ಹೇಳು. ಹೇಳಿದ್ರ ಆಕಿ ಎದ್ದು ಬರ್ತಾಳೇನು?"

ಶೈಲಜಾ ಎದ್ದಳು. ಹೊರಗೆ ಬಂದರೆ ಮುದುಕಪ್ಪ ಆಗಲೇ ಬಸ್‌ಸ್ಟ್ಯಾಂಡಿಗೆ ಹೋಗಿದ್ದ.

ಅವಳು ಮಾಡಬಹುದಾದದ್ದು ಮಾಡಿದಳು. ಒಂದು ಊರು ದಾರಿ ತಪ್ಪಿದರೆ ಈಗ ಆ ಸಾಲು ಕೆಂಪಾಗುತ್ತದೆ, ಲೆಕ್ಕ ಹಳೆಯದು, ಫೋನ್ ಮಾಡಿ ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ತಿದ್ದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಷ್ಟು ಹಗುರದ ಕೆಲಸವಾಗಿತ್ತಲ್ಲ ಎಂಬುದೇ ಅವಳನ್ನು ಕೊಂದಿತು. ಕಣ್ಣು ಮುಚ್ಚಿದರೆ ಸೆರಗಿಲ್ಲದ ಆ ಮುದುಕಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಸತ್ತವಳು ಮರಳುವುದಿಲ್ಲ, ಸರಿ. ಬದುಕಿರುವ ಒಬ್ಬ ಮುದುಕ ತನ್ನದಲ್ಲದ ಹೊರೆಯನ್ನು ಹೊತ್ತು ಸಾಯಬೇಕೇ? ಕೆಲಸ ಹೋದರೆ ಹೋಗಲಿ ಎಂದು ಮಾನ್ವಿಯ ಬಸ್ಸು ಹತ್ತಿದಳು.

ಮುದುಕಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಎದ್ದು ನಿಲ್ಲಲು ಹೋದವನನ್ನು ಅವಳೇ ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಎಲ್ಲವನ್ನೂ ಬಿಡಿಸಿ ಹೇಳಿದಳು. ಲಕೋಟೆಯೊಳಗಿನ ಲಕೋಟೆ, ಹಳೆಯ ಲೆಕ್ಕ, ಹಾಕದೆ ಬಿಟ್ಟ ಗುರುತು. ಅವನು ಪೂರ್ತಿ ಕೇಳಿದ.

"ನಿಮ್ಮ ತಪ್ಪಲ್ಲ ಕಾಕಾ. ನಂದು."

"ಸ್ವಿಚ್ ಒತ್ತಿದ್ದು ಈ ಬೊಟ್ಟಲ್ಲೇನವ್ವಾ?" ಬೆರಳನ್ನು ಎತ್ತಿ ನೋಡಿಕೊಂಡ. ಇಷ್ಟು ದಿನ ಮೇಡಂ ಎನ್ನುತ್ತಿದ್ದವನು ಈಗ ಅವ್ವಾ ಎಂದದ್ದು ಅವನಿಗೂ ತಿಳಿಯಲಿಲ್ಲ. "ನಾ ಪೂಜಿ ಮಾಡಾಕತ್ತಿದ್ದೆ, ಆಕಿ ಅಲ್ಲಿ ಹೋಗಾಕತ್ತಿದ್ಲು. ನಾ ಎಲ್ಲಾರಿಗೂ ಕೊಬ್ಬರಿ ಹಂಚೀನಿ ಯವ್ವಾ. ನಾನೂ ತಿಂದೀನಿ."

ಶೈಲಜಾ ಅವನ ಕೈ ಹಿಡಿದುಕೊಂಡಳು. ಅವನೇ ಮೆಲ್ಲಗೆ ಕೇಳಿದ:

"ಮೂರೂ ಊರು ಕೂಡಿಸಿದಿ. ಡಬ್ಬಿಗೆ ಡಬ್ಬಿ ಮಾತಾಡೂಹಂಗ ಮಾಡಿದಿ. ನನಗೊಂದು ಮಾತು ಹೇಳಬೇಕಂತ ಯಾಕ ಅನಸಲಿಲ್ಲವ್ವಾ ನಿನಗ?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಶೈಲಜಾ ಬಿಕ್ಕಿ ಬಿಕ್ಕಿ ಅತ್ತಳು, ಮುದುಕಪ್ಪನೇ ಅವಳ ಬೆನ್ನು ಸವರಬೇಕಾಯಿತು.

ಅರಕೇರಾಕ್ಕೆ ಹೋಗಿ ಆ ಮುದುಕಿಯ ಕಾಲು ಹಿಡಿಯಬೇಕೆಂದು ಅವನಿಗೆ ಮೊದಲ ದಿನದಿಂದಲೂ ಇತ್ತು, ಒಬ್ಬನಿಗೆ ಧೈರ್ಯ ಸಾಲದೆ ಉಳಿದಿದ್ದ. ಅವಳಿಗೂ ಒಬ್ಬಳಿಗೆ ಸಾಲದು. ಇಬ್ಬರೂ ಕೂಡಿ ಹೊರಟರು.

ದುರುಗಮ್ಮನ ಮನೆ ಊರ ಅಂಚಿನಲ್ಲಿತ್ತು. ಮುದುಕಿ ಹೊಸ್ತಿಲ ಹೊರಗೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕುತ್ತಿದ್ದಳು. ಮಗ ಮನೆಯಲ್ಲಿರಲಿಲ್ಲ, ಕೂಸಿಗೆ ಹಾಲು ತರಲು ಹೋಗಿದ್ದ. ಮುದುಕಪ್ಪ ಅಂಗಳದಲ್ಲೇ ಕುಸಿದು ಕೂತು ನೆಲಕ್ಕೆ ಕೈ ಹಚ್ಚಿದ.

"ಯವ್ವಾ, ಮಾನ್ವಿಯೊಳಗ ಮಿಷನ್ ಬಂದ್ ಮಾಡಿದಾಂವ ನಾನು. ನನ್ನಿಂದ ಹೋತು ನಿಮ್ಮ ಸೊಸಿ."

ದುರುಗಮ್ಮ ತಿಕ್ಕುವ ಕೈ ನಿಲ್ಲಿಸದೆ ಅವನನ್ನು ನೋಡಿದಳು. "ನೀನೇನು? ನಿನ್ನ ತೆಗದು ಹಾಕೀವಿ ಅಂತ ಹೇಳಿ ಹೋದ್ರು ಟ್ರಸ್ಟಿನವರು." ಆಮೇಲೆ ಶೈಲಜಾಳ ಕಡೆ ತಿರುಗಿದಳು. "ನೀ ಯಾರ್ಯವ್ವಾ?"

"ಮೂರೂ ದವಾಖಾನಿ ಕಂಪ್ಯೂಟರ್ ಕೂಡಿಸಿದಾಕಿ ನಾನು ಅಮ್ಮಾ. ಕಾಕಾನ ತಪ್ಪಲ್ಲ. ಮಾನ್ವಿಯದು ಬಂದ್ ಆದಾಗ ಹಳೀ ಲೆಕ್ಕ ತೋರಸ್ತಿತ್ತು, ಹಂಗ ಮಾಡಿದಾಕಿ ನಾನು. ಅದು ಹಳೀದು ಅಂತ ನೋಡಿದವರಿಗೆ ತಿಳಿಯೂಹಂಗ ಇದ್ದಿಲ್ಲ. ಫೋನ್ ಮಾಡಿ ಕೇಳಬ್ಯಾಡ್ರಿ ಅಂತ ಹೇಳಿದಾಕೀನೂ ನಾನು."

ಮುದುಕಿಗೆ ಎಷ್ಟು ತಿಳಿಯಿತೋ. ಒಂದನ್ನು ಮಾತ್ರ ಹಿಡಿದುಕೊಂಡಳು.

"ಫೋನ್ ಮಾಡಿದ್ರ?"

"ಮಾನ್ವಿಯೊಳಗ ಇಲ್ಲ ಅಂತ ತಿಳೀತಿತ್ತು. ಸೀದಾ ರಾಯಚೂರಿಗೆ ಕಳಸ್ತಿದ್ರು. ಅಲ್ಲಿ ಒಂದು ಬಾಟ್ಲಿ ಇತ್ತು."

"ಒಂದರಾಗ ಬದುಕತಿದ್ಲೇನು?"

ರಾಯಚೂರಿನ ಡಾಕ್ಟರನ್ನು ಶೈಲಜಾ ಇದೇ ಪ್ರಶ್ನೆ ಕೇಳಿದ್ದಳು. ಇನ್ನೊಂದು ಬಾಟಲಿ ಹುಡುಕುವವರೆಗೆ ಆ ಒಂದು ಸಾಕಿತ್ತು ಎಂದು ಅವರು ಹೇಳಿದ್ದರು. ಈಗ ಹೇಳಲಾಗದು ಅನ್ನಬಹುದಿತ್ತು, ದೇವರಿಗೇ ಗೊತ್ತು ಅನ್ನಬಹುದಿತ್ತು. ಮುದುಕಪ್ಪ ಬೇಡವೆಂಬಂತೆ ಅವಳನ್ನೇ ನೋಡುತ್ತಿದ್ದ.

"ಬದುಕತಿದ್ಲು" ಎಂದಳು ಶೈಲಜಾ.

ಎಣ್ಣೆ ತಿಕ್ಕುವ ಕೈ ಈಗ ನಿಂತಿತು. ದುರುಗಮ್ಮ ಬೈಯುತ್ತಾಳೆ, ಮಣ್ಣು ತೂರುತ್ತಾಳೆ, ಎದೆ ಎದೆ ಬಡಿದುಕೊಳ್ಳುತ್ತಾಳೆ ಎಂದು ಶೈಲಜಾ ಕಾದಳು. ಏನೂ ಆಗಲಿಲ್ಲ. ಮುದುಕಿ ಕೂಸಿನ ಮುಖದ ಮೇಲೆ ಬಂದ ನೊಣವನ್ನು ಓಡಿಸಿ ಕೇಳಿದಳು:

"ಈಗ ಅದು ಚಾಲೂ ಅದ ಏನು, ನಿಮ್ಮದು?"

"ಅದ ಅಮ್ಮಾ."

"ಮತ್ತ ಹಂಗ ಸುಳ್ಳು ತೋರಸ್ತದೇನು?"

"ಇಲ್ಲ. ತಿದ್ದೀನಿ. ಇನ್ನ ಮ್ಯಾಲ ಹಂಗ ಆಗಂಗಿಲ್ಲ."

ದುರುಗಮ್ಮ ತಲೆಯಾಡಿಸಿದಳು. ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಮೊಣಕಾಲಿಗೆ ಕೈಯೂರಿ ಎದ್ದಳು.

"ಹಂಗಾದ್ರ ನಮ್ಮ ಹಣಮಿ ಹೋದ ಮ್ಯಾಲ ಛಲೋ ಆತು ಅನ್ನು" ಎಂದಳು. ಕೂಸು ಅಳತೊಡಗಿತ್ತು, ಅದಕ್ಕೆ ನೀರು ಹಾಕಲು ಒಳಗೆ ಹೋದಳು.